ಹಳೇ ಪಿಕಪ್ ಕೊಂಡಿರಾ? ಆ ರಾತ್ರಿಯೇ ಹೊರಡಬೇಡಿ

ತೊಗರಿ ರಾಶಿ ಮುಗಿದು ಕಲಬುರಗಿ ಗಂಜಿನ ಪಟ್ಟಿ ಕೈಗೆ ಬರುತ್ತಿದ್ದಂತೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಕಟ್ಟೆಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ: ‘ಒಂದು ಪಿಕಪ್ ತಗೊಂಡ್ರ ಹ್ಯಾಂಗ?’ ಹೊಸ ಗಾಡಿಯ ಕಂತು ನೆನೆದರೆ ಎದೆ ಝಲ್ಲೆನ್ನುತ್ತದೆ. ಊರಲ್ಲೇ ಮಾರಾಟಕ್ಕಿರುವ ಗಾಡಿಯ ಜಾತಕ ಎಲ್ಲರಿಗೂ ಗೊತ್ತು, ಹಾಗಾಗಿ ಅದು ಬೇಡ. ಉಳಿದದ್ದು ಸೊಲ್ಲಾಪುರ, ಪುಣೆ, ಹೈದರಾಬಾದ್, ಬೆಂಗಳೂರಿನ ಹಳೆ ಗಾಡಿ. ಕಂತು ತಪ್ಪಿದ್ದಕ್ಕೆ ಫೈನಾನ್ಸ್‌ನವರು ಎಳೆದು ತಂದ ಟಾಟಾ ಏಸ್, ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್‌ಗಳು ಅಲ್ಲಿನ ಯಾರ್ಡ್‌ಗಳಲ್ಲಿ ಗಿರಾಕಿಗಾಗಿ ಕಾಯುತ್ತಿರುತ್ತವೆ.

ಗಾಡಿ ಆರಿಸುವುದು ಹೇಗೆ ಎಂದು ಹೇಳಿಕೊಡಲು ಪ್ರತಿ ಊರಲ್ಲೂ ಹತ್ತು ಜನರಿದ್ದಾರೆ. ಕೊಂಡದ್ದನ್ನು ಮನೆತನಕ ತರುವುದು ಹೇಗೆ ಎಂದು ಹೇಳುವವರು ಕಡಿಮೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ರಾತ್ರಿ ಬಸ್ಸು ಹತ್ತಿ ಇಬ್ಬರು ಹೋಗುತ್ತಾರೆ, ಮಧ್ಯಾಹ್ನ ಗಾಡಿ ನೋಡುತ್ತಾರೆ, ನಾಲ್ಕು ಗಂಟೆಗೆ ವ್ಯವಹಾರ ಕುದುರುತ್ತದೆ, ಆರಕ್ಕೆ ಡೀಸೆಲ್ ಹಾಕಿಸಿ ‘ಬೆಳಗಾಗೋದ್ರಾಗ ಊರು ಮುಟ್ತೀವಿ’ ಎಂದು ಹೊರಡುತ್ತಾರೆ. ಇಬ್ಬರಿಗೂ ಹಿಂದಿನ ರಾತ್ರಿಯ ನಿದ್ದೆ ಇಲ್ಲ. ಗಾಡಿಯ ಬ್ರೇಕು ಎಷ್ಟು ಹಿಡಿಯುತ್ತದೆ, ಲೈಟು ಎಷ್ಟು ದೂರ ಬೀಳುತ್ತದೆ ಎಂಬುದು ಗೊತ್ತಿಲ್ಲ. ಕಾಗದಗಳಲ್ಲಿ ಅರ್ಧ ‘ಆಮೇಲೆ ಕಳಿಸ್ತೀನಿ’ ಎಂಬ ಮಾತಿನಲ್ಲೇ ಉಳಿದಿವೆ. ಹಳೆ ಗಾಡಿ ದಾರಿಯಲ್ಲಿ ಕೆಡುವುದಕ್ಕೆ ದೂರಕ್ಕಿಂತ ಈ ಅವಸರವೇ ದೊಡ್ಡ ಕಾರಣ. ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಉಳಿಸಲು ಹೋಗಿ, ಹೆದ್ದಾರಿಯಲ್ಲಿ ನಿಂತ ಗಾಡಿಯನ್ನು ಎಳೆಸಲು ಅದರ ಹತ್ತು ಪಟ್ಟು ಕೊಡಬೇಕಾಗಬಹುದು. ವ್ಯವಹಾರ ಒಂದು ದಿನ, ಪ್ರಯಾಣ ಮರುದಿನ ಬೆಳಿಗ್ಗೆ ಎಂದು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿಕೊಳ್ಳಿ.

ಬಸ್ಸು ಹತ್ತುವ ಮುಂಚೆ

ಮಾರುವವರಿಂದ ಗಾಡಿಯ ನಂಬರ್ ತರಿಸಿಕೊಳ್ಳಿ. ನಂಬರ್ ಕೊಡಲು ಹಿಂದೆ ಮುಂದೆ ನೋಡುವವರ ಹತ್ತಿರ ಹೋಗುವ ಬಸ್ ಚಾರ್ಜೂ ದಂಡ. ಎಂಪರಿವಾಹನ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಪಾಸಿಂಗ್, ಅಂದರೆ ಫಿಟ್‌ನೆಸ್, ಯಾವಾಗಿನವರೆಗೆ ಇದೆ, ವಿಮೆ ಯಾವಾಗ ಮುಗಿಯುತ್ತದೆ, ಹೊಗೆ ತಪಾಸಣೆ ಆಗಿದೆಯೇ, ಫೈನಾನ್ಸ್ ಬಾಕಿ ಇದೆಯೇ ಎಂಬುದೆಲ್ಲ ಸಿಗುತ್ತದೆ. ಪರಿವಾಹನ್‌ನ ಇ-ಚಲನ್ ತಾಣದಲ್ಲಿ ದಂಡ ಬಾಕಿ ಗೊತ್ತಾಗುತ್ತದೆ. ಕಳವಿನ ಗಾಡಿಯೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ’ ಇದೆ.

ಇವುಗಳಲ್ಲಿ ಪಾಸಿಂಗ್ ಮುಖ್ಯ. ಸರಕು ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಪಾಸಿಂಗ್ ಆಗಬೇಕು. ಅದಿಲ್ಲದ ಸರಕು ಗಾಡಿಯ ನೋಂದಣಿಯೇ ಕಾನೂನಿನ ಕಣ್ಣಲ್ಲಿ ಊರ್ಜಿತವಲ್ಲ. ಅಂಥದ್ದನ್ನು ಓಡಿಸಿಕೊಂಡು ಬರುವ ಯೋಚನೆಯೇ ಬೇಡ. ಪಾಸಿಂಗ್ ಮಾಡಿಸಿ ಕೊಡಿ ಎಂದು ಮಾರುವವರಿಗೆ ಹೇಳಿ, ಇಲ್ಲವೇ ಇನ್ನೊಂದು ದೊಡ್ಡ ಗಾಡಿಯ ಮೇಲೆ ಏರಿಸಿ ತನ್ನಿ.

ಇನ್ನೊಂದು ಅಂಕಿ ಆರ್‌ಸಿಯಲ್ಲಿರುವ ಒಟ್ಟು ತೂಕ, ಅಂದರೆ ಗಾಡಿ ಮತ್ತು ಮಾಲು ಸೇರಿದ ತೂಕ. ಅದು 3,000 ಕೆ.ಜಿ. ಮೀರದಿದ್ದರೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಕಿಲ್ಲ. ಏಸ್ ಈ ಮಿತಿಯೊಳಗೆ ಆರಾಮವಾಗಿ ಬರುತ್ತದೆ. ಬೊಲೆರೊ ಪಿಕಪ್‌ನಲ್ಲಿ ಕೆಲವು ಮಾದರಿಗಳು ಒಳಗೆ, ಕೆಲವು ಹೊರಗೆ. ಹೊರಗಿನದ್ದಾದರೆ ಹಳೆ ಮಾಲೀಕರ ಪರ್ಮಿಟ್ ತಾನಾಗಿ ನಿಮ್ಮದಾಗುವುದಿಲ್ಲ, ವರ್ಗಾವಣೆಗೆ ಸಾರಿಗೆ ಪ್ರಾಧಿಕಾರದ ಅನುಮತಿ ಬೇಕು. ಅಲ್ಲಿಯ ಆರ್‌ಟಿಒ ಕಚೇರಿಯಲ್ಲಿ ತಾತ್ಕಾಲಿಕ ಪರ್ಮಿಟ್ ಕೇಳಿಕೊಂಡೇ ಗಾಡಿ ಎಬ್ಬಿಸಿ.

ಲೈಸೆನ್ಸ್ ವಿಷಯದಲ್ಲಿ ಒಂದು ಸಮಾಧಾನ ಇದೆ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು, ಬೇರೆ ಬ್ಯಾಡ್ಜ್ ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಹಾಗೆಂದು ಬರೀ ಟ್ರ್ಯಾಕ್ಟರ್ ಲೈಸೆನ್ಸ್ ಹಿಡಿದುಕೊಂಡು ಹೊರಡುವ ಧೈರ್ಯ ಬೇಡ.

ಜೊತೆಗೆ ಯಾರನ್ನು ಕರೆದೊಯ್ಯಬೇಕು? ಸ್ಟೇರಿಂಗ್ ಹಿಡಿಯಬಲ್ಲ ಎರಡನೆಯವರನ್ನು. ಆಗುವುದಾದರೆ ನಿಮ್ಮೂರ ಮಿಸ್ತ್ರಿಯನ್ನು. ಮಿಸ್ತ್ರಿಯ ಒಂದು ದಿನದ ಪಗಾರು, ಊಟ, ಟಿಕೆಟ್ ನಿಮಗೆ ಖರ್ಚಿನಂತೆ ಕಾಣುತ್ತದೆ. ಮಾರುವವನಿಗೆ ಮಾತ್ರ ಅದು ಬೇರೆಯೇ ರೀತಿ ಕಾಣುತ್ತದೆ, ಮಿಸ್ತ್ರಿ ಬಾನೆಟ್ ಎತ್ತಿದ ಕೂಡಲೇ ಬೆಲೆ ಕೆಳಗಿಳಿಯುವುದುಂಟು. ಬ್ಯಾಗಿನಲ್ಲಿ ಪಾನಾ ಸೆಟ್, ಹವಾ ನೋಡುವ ಗೇಜು, ಟಾರ್ಚು, ಫ್ಯೂಸು, ಇನ್ಸುಲೇಷನ್ ಟೇಪು, ಒಂದಷ್ಟು ವೈರು, ದಪ್ಪ ಹಗ್ಗ ಇರಲಿ. ಹಳೆ ಗಾಡಿ ಮಾರುವಾಗ ಜಾಕ್ ಮತ್ತು ಗಾಲಿ ಪಾನಾ ಮೊದಲು ಮಾಯವಾಗುವ ಸಾಮಾನು. ಅವು ಇವೆಯೇ ಎಂದು ಫೋನಿನಲ್ಲೇ ಕೇಳಿ.

ಬೀಗದಕೈಗಿಂತ ಮೊದಲು ಕಾಗದ

ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅದಕ್ಕಿಂತ ಮುಖ್ಯವಾಗಿ, ನಾಳೆ ತಕರಾರು ಬಂದರೆ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಬ್ಯಾಂಕಿನದು. ದುಡ್ಡು ಆರ್‌ಸಿಯಲ್ಲಿ ಹೆಸರಿರುವವರ, ಯಾರ್ಡಿನ ಗಾಡಿಯಾದರೆ ಫೈನಾನ್ಸ್ ಕಂಪನಿಯ, ಖಾತೆಗೇ ಹೋಗಬೇಕು, ನಡುವಿನ ಏಜೆಂಟನ ಖಾತೆಗಲ್ಲ.

ಮಾರುವವರ ಸಹಿ ಹಾಕಿಸಿಕೊಳ್ಳಬೇಕಾದ ಫಾರಂಗಳು ಹೆಚ್ಚಿಲ್ಲ. ಫಾರಂ 29 ಮತ್ತು 30 ಮಾಲೀಕತ್ವ ವರ್ಗಾವಣೆಗೆ. ಹೊರರಾಜ್ಯದ ಗಾಡಿಯಾದರೆ ಫಾರಂ 28, ಅದು ಎನ್‌ಒಸಿಗೆ, ಅಂದರೆ ನಿರಾಕ್ಷೇಪಣಾ ಪತ್ರಕ್ಕೆ. ಫೈನಾನ್ಸ್ ಇದ್ದು ತೀರಿದ್ದರೆ ಫಾರಂ 35 ಮತ್ತು ಫೈನಾನ್ಸ್ ಕಂಪನಿಯ ಪತ್ರ. ಚೆಸ್ಸಿ ನಂಬರಿನ ಪೆನ್ಸಿಲ್ ಪ್ರಿಂಟ್ ನಾಲ್ಕೈದು ತೆಗೆದಿಟ್ಟುಕೊಳ್ಳಿ: ಕೆತ್ತಿದ ಅಂಕಿಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಅದು ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಅಂಕಿಯ ಸುತ್ತ ಗ್ರೈಂಡರ್ ಹೊಡೆದ ಗುರುತು, ಹೊಸ ಬಣ್ಣ, ಸೊಟ್ಟಗೆ ನಿಂತ ಒಂದು ಅಂಕಿ ಕಂಡರೆ ಅಲ್ಲಿಂದ ಎದ್ದು ಬನ್ನಿ. ಚೌಕಾಶಿ ಕೂಡ ಬೇಡ.

ಎಲ್ಲರೂ ಮರೆಯುವ ಕಾಗದ ಡೆಲಿವರಿ ನೋಟ್. ಛಾಪಾ ಕಾಗದದ ಮೇಲೆ ಎರಡು ಪ್ರತಿ ಬರೆಸಿ, ಎರಡಕ್ಕೂ ಇಬ್ಬರ ಸಹಿ, ಇಬ್ಬರು ಸಾಕ್ಷಿದಾರರ ಸಹಿ ಹಾಕಿಸಿ. ಒಕ್ಕಣೆ ಇಷ್ಟಿದ್ದರೆ ಸಾಕು:

‘ಈ ನಂಬರಿನ, ಈ ಚೆಸ್ಸಿ ಮತ್ತು ಎಂಜಿನ್ ನಂಬರುಗಳುಳ್ಳ ಗಾಡಿಯನ್ನು ಇಂದು, ಇಂಥ ತಾರೀಕು, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಮೀಟರಿನಲ್ಲಿ ಇಷ್ಟು ಕಿಲೊಮೀಟರ್ ಇರುವಾಗ, ಇಂಥವರ ವಶಕ್ಕೆ ಕೊಟ್ಟಿದ್ದೇನೆ. ಈ ಗಳಿಗೆಯವರೆಗಿನ ತೆರಿಗೆ, ದಂಡ, ಅಪಘಾತ, ಕೇಸು ನನ್ನ ಜವಾಬ್ದಾರಿ. ಇಲ್ಲಿಂದ ಮುಂದಿನದು ಕೊಂಡವರ ಜವಾಬ್ದಾರಿ. ವರ್ಗಾವಣೆಗೆ, ಎನ್‌ಒಸಿಗೆ ಬೇಕಾದ ಸಹಿ ಮತ್ತು ಓಟಿಪಿ ಕೊಡಲು ಒಪ್ಪಿದ್ದೇನೆ.’

ಗಂಟೆ, ನಿಮಿಷ ಯಾಕೆ? ಅದೇ ಬೆಳಿಗ್ಗೆ ಆ ಗಾಡಿ ಯಾರಿಗಾದರೂ ಗುದ್ದಿ ಬಂದಿದ್ದರೆ, ಸಂಜೆ ಪೊಲೀಸರು ಗಾಡಿ ಹುಡುಕಿಕೊಂಡು ಬಂದಾಗ ನಿಮ್ಮನ್ನು ಕಾಯುವುದು ಆ ಒಂದು ಸಾಲು. ಕೊನೆಯ ಸಾಲಿನ ಓಟಿಪಿಯೂ ಸಣ್ಣ ವಿಷಯವಲ್ಲ. ಈಗಿನ ಅರ್ಜಿಗಳೆಲ್ಲ ಆನ್‌ಲೈನ್. ಮಾರಿದವನು ಫೋನ್ ಎತ್ತದಿದ್ದರೆ ಫೈಲು ಅಲ್ಲೇ ನಿಲ್ಲುತ್ತದೆ. ಆದ್ದರಿಂದಲೇ ಆರ್‌ಸಿ ಹೆಸರಿಗೆ ಬರುವ ತನಕ ಒಂದು ಮೊತ್ತ ಬಾಕಿ ಹಿಡಿಯುವುದು ಹಳೆ ಗಾಡಿ ವ್ಯವಹಾರದಲ್ಲಿ ನಡೆದುಬಂದ ಪದ್ಧತಿ. ಅದನ್ನು ನಾಚಿಕೆಯಿಲ್ಲದೆ ಕೇಳಿ, ಡೆಲಿವರಿ ನೋಟಿನಲ್ಲೇ ಬರೆಸಿ.

ಮಾರುವವರು ‘ಇದೆಲ್ಲ ಯಾಕ್ರಿ ಅಣ್ಣಾರ, ನಂಬಿಕೆ ಇಲ್ಲೇನು’ ಎಂದರೆ, ಇದು ಅವರ ಹಿತಕ್ಕೂ ಹೌದು ಎಂದು ಹೇಳಿ. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಪು ಕೊಟ್ಟಿದೆ. ಈ ಮಾತು ಕೇಳಿದ ಮೇಲೂ ಸಹಿಗೆ ಹಿಂಜರಿಯುವವರು ಅಪರೂಪ.

ವಿಮೆ ಬಗ್ಗೆ ಜನರಲ್ಲಿ ಅರ್ಧ ತಿಳಿವಳಿಕೆ ಇದೆ. ಗಾಡಿ ಮಾರಿದರೆ ಮೂರನೆಯವರಿಗೆ ಆಗುವ ಹಾನಿಯ ವಿಮೆ ಗಾಡಿಯ ಜೊತೆಗೇ ಬರುತ್ತದೆ, ನಿಜ. ಆದರೆ ನಿಮ್ಮ ಸ್ವಂತ ಗಾಡಿಗೆ ಆಗುವ ಹಾನಿಯ ವಿಮೆ ಹಾಗೆ ತಾನಾಗಿ ಬರುವುದಿಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಊರಿಗೆ ಹೋಗಿ ಮಾಡಿಸೋಣ ಎಂದರೆ ದಾರಿಯಲ್ಲಿ ಪಲ್ಟಿಯಾದ ಗಾಡಿಗೆ ಬಿಡಿಗಾಸೂ ಬಾರದಿರಬಹುದು. ವ್ಯವಹಾರ ಮುಗಿದ ಸಂಜೆಯೇ, ಲಾಡ್ಜಿನಲ್ಲಿ ಕೂತು, ವಿಮಾ ಏಜೆಂಟನ ಮೂಲಕ ಆ ಅರ್ಜಿ ಕಳಿಸಿಬಿಡಿ. ರಾತ್ರಿ ಉಳಿದುಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಫಾಸ್ಟ್‌ಟ್ಯಾಗ್ ಕೂಡ ಅಷ್ಟೇ. ಗಾಜಿನ ಮೇಲಿರುವ ಟ್ಯಾಗ್ ಹಳೆ ಮಾಲೀಕರ ಖಾತೆಯದು. ಅವರು ಅದನ್ನು ಮುಚ್ಚಿಸದೆ ನಿಮಗೆ ಹೊಸದು ಸಿಗುವುದಿಲ್ಲ, ಒಂದು ಗಾಡಿಗೆ ಒಂದೇ ಟ್ಯಾಗ್ ಎಂಬ ನಿಯಮವಿದೆ. ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ಟೋಲ್ ದುಪ್ಪಟ್ಟು. ಪುಣೆಯಿಂದ ಸೊಲ್ಲಾಪುರಕ್ಕೆ ಬರುವಷ್ಟರಲ್ಲಿ ಪಾಟಸ್, ಸರ್ಡೆವಾಡಿ, ವರವಡೆ, ಸಾವಳೇಶ್ವರ ಟೋಲ್‌ಗಳು ಸಾಲಾಗಿ ಬರುತ್ತವೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಆರ್‌ಸಿ, ವಿಮೆ, ಪಾಸಿಂಗ್, ಹೊಗೆ ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಿಮ್ಮ ಅಂಗಿಯ ಒಳಗಿಟ್ಟುಕೊಳ್ಳಿ, ಡ್ಯಾಶ್‌ಬೋರ್ಡಿನಲ್ಲಿ ಬೇಡ. ಎರಡನೆಯ ಬೀಗದಕೈ ಕೇಳಿ ಪಡೆಯಿರಿ.

ಮಿಸ್ತ್ರಿಯ ಕೈಗೆ ಒಂದು ಮಧ್ಯಾಹ್ನ

ಮೊದಲ ರಿಪೇರಿ ನಮ್ಮೂರಲ್ಲೇ ಮಾಡಿಸೋಣ ಎನ್ನುವುದು ತಲೆಕೆಳಗಾದ ಲೆಕ್ಕ. ನೂರಾರು ಕಿಲೊಮೀಟರ್ ಓಡಬೇಕಾಗಿರುವುದು ಅದಕ್ಕಿಂತ ಮೊದಲು. ಕೊಂಡ ಊರಿನಲ್ಲೇ, ಮಾರುವವರು ತೋರಿಸಿದ ಗ್ಯಾರೇಜ್ ಬಿಟ್ಟು ಬೇರೊಂದಕ್ಕೆ ಒಯ್ಯಿರಿ.

ಗಾಡಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಬೇಕು. ನೀವು ಬರುವ ಮುಂಚೆಯೇ ಬಿಸಿ ಮಾಡಿ ಇಟ್ಟಿದ್ದರೆ ಏನೋ ಮುಚ್ಚುಮರೆ ಇದೆ ಎಂದೇ ತಿಳಿಯಿರಿ. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪಗಿದ್ದರೆ ಏರ್ ಫಿಲ್ಟರ್ ಅಥವಾ ಇಂಜೆಕ್ಟರ್. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ನೀರು ಎಂಜಿನ್ ಒಳಗೆ ಹೋಗುತ್ತಿರಬಹುದು. ಆಯಿಲ್ ಕಡ್ಡಿ ಎಳೆದಾಗ ಚಹಾದ ಬಣ್ಣದ ನೊರೆ ಕಂಡರೆ ಅದೇ ರೋಗ. ಅಂಥ ಗಾಡಿ ಹೆದ್ದಾರಿಗೆ ಇಳಿಸುವಂಥದ್ದಲ್ಲ. ಟಾಟಾ ಏಸ್‌ನಲ್ಲಿ ಎಂಜಿನ್ ಸೀಟಿನ ಕೆಳಗಿದೆ. ಸೀಟು ಎತ್ತಿಸಿಯೇ ನೋಡಬೇಕು. ಬರೀ ಕ್ಯಾಬಿನ್ ಒರೆಸಿ ಮಿಂಚಿಸಿದವರಿಗೆ ಆ ಕೆಲಸ ಇಷ್ಟವಾಗುವುದಿಲ್ಲ.

ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್ ಇವನ್ನು ಮರುಮಾತಿಲ್ಲದೆ ಬದಲಿಸಿ. ‘ಮೊನ್ನೆನೇ ಹಾಕ್ಸೀನಿ’ ಎಂಬ ಮಾತಿಗೆ ಬಿಲ್ಲು ತೋರಿಸಿದರೆ ಮಾತ್ರ ಬೆಲೆ. ಫ್ಯಾನ್ ಬೆಲ್ಟಿನಲ್ಲಿ ಬಿರುಕಿದ್ದರೆ ಹೊಸದು ಹಾಕಿಸಿ. ರೇಡಿಯೇಟರ್ ಪೈಪು ಹಿಚುಕಿ ನೋಡಿ, ಮೆತ್ತಗಾಗಿ ಉಬ್ಬಿದ್ದರೆ ಅದೂ ಹೋಗಲಿ. ಕಲಬುರಗಿಯ ಏಪ್ರಿಲ್, ಮೇ ಬಿಸಿಲು 42 ಡಿಗ್ರಿ ದಾಟುತ್ತದೆ. ಪುಣೆಯ ತಂಪಿನಲ್ಲಿ ಸುಮ್ಮನಿದ್ದ ರೇಡಿಯೇಟರ್ ನಮ್ಮ ಕಡೆ ಬಂದ ಮೇಲೆ ತನ್ನ ಬಣ್ಣ ತೋರಿಸುತ್ತದೆ.

ಗಾಲಿಯಿಂದ ಗಾಲಿಗೆ ಹೋಗಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೇಲಿನ ಗೆರೆ ಆಳವಾಗಿಯೇ ಕಂಡರೂ ಆರೇಳು ವರ್ಷ ಹಳೆಯ ರಬ್ಬರು ಬಿಸಿಲಿನ ಹೆದ್ದಾರಿಯಲ್ಲಿ ಸಿಡಿಯಬಹುದು. ನಾಲ್ಕೂ ಟೈರು ಹೊಸದು ಹಾಕಿಸಲು ಆಗದಿದ್ದರೆ ಮುಂದಿನ ಎರಡನ್ನಾದರೂ ಬದಲಿಸಿ, ಬಿಚ್ಚಿದ ಹಳೆಯವುಗಳಲ್ಲಿ ಒಳ್ಳೆಯದೊಂದನ್ನು ಸ್ಟೆಪ್ನಿಗೆ ಇಡಿ. ಸ್ಟೆಪ್ನಿಯಲ್ಲಿ ಹವಾ ಇದೆಯೇ ಎಂದು ನೋಡುವವರು ನೂರಕ್ಕೆ ಎಷ್ಟು ಜನವೋ! ಜಾಕ್ ಹಾಕಿ ಎತ್ತಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಸಡಿಲ. ಕಮಾನು ಪಟ್ಟಿಗಳಲ್ಲಿ ಮುರಿದ ಎಲೆ ಇದೆಯೇ, ಅವನ್ನು ಬಿಗಿಹಿಡಿದ ಯು ಬೋಲ್ಟುಗಳ ನಟ್ಟು ಬಿಗಿಯಾಗಿದೆಯೇ ನೋಡಿಸಿ, ಗ್ರೀಸ್ ಹೊಡೆಸಿ. ಗೇರ್ ಹಾಕಿ ಬಿಟ್ಟಾಗ ಕೆಳಗಿನಿಂದ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿದೆ. ಅದೊಂದು ತುಂಡಾದರೆ ಶಾಫ್ಟ್ ರಸ್ತೆಗೆ ಬಡಿದು ಗಾಡಿ ಎಗರುತ್ತದೆ.

ಲೈಟು, ಡಿಪ್ಪರ್, ಇಂಡಿಕೇಟರ್, ಹಿಂದಿನ ಬ್ರೇಕ್ ಲೈಟು, ವೈಪರ್, ಹಾರ್ನು ಎಲ್ಲವನ್ನೂ ಒಂದು ಸುತ್ತು ಹಾಕಿ ನೋಡಿ. ಹಿಂದೆ ಕೆಂಪು ಪ್ರತಿಫಲಕ ಟೇಪು ಅಂಟಿಸಿ.

ಯಾರ್ಡಿನ ಗಾಡಿಯಾದರೆ ಈ ಮಧ್ಯಾಹ್ನ ಸಾಲದು, ಒಂದು ಪೂರ್ತಿ ದಿನ ಬೇಕು. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತ ಗಾಡಿಯ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ, ಟ್ಯಾಂಕಿನ ತಳದಲ್ಲಿ ನೀರು ಮತ್ತು ಕೆಸರು ಕೂತಿರುತ್ತದೆ, ಇಲಿ ವೈರು ಕಡಿದಿರುತ್ತದೆ, ಬ್ರೇಕ್ ಡ್ರಮ್ಮಿನೊಳಗೆ ತುಕ್ಕು ಹಿಡಿದಿರುತ್ತದೆ. ಯಾರದೋ ಬ್ಯಾಟರಿ ತಾಗಿಸಿ ಸ್ಟಾರ್ಟ್ ಮಾಡಿ ತೋರಿಸುತ್ತಾರೆ, ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಅದು ಮತ್ತೆ ಏಳುವುದಿಲ್ಲ. ಹರಾಜಿನಲ್ಲಿ ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿಗೆ ಸಹಿ ಹಾಕಿರುವುದರಿಂದ ಆಮೇಲೆ ಕೇಳುವವರೂ ಇರುವುದಿಲ್ಲ. ಟ್ಯಾಂಕ್ ಖಾಲಿ ಮಾಡಿಸಿ, ಹೊಸ ಬ್ಯಾಟರಿ ಹಾಕಿಸಿ, ನಾಲ್ಕೂ ಡ್ರಮ್ ಬಿಚ್ಚಿಸಿಯೇ ಹೊರಡಿ.

ಪುಣೆ ಕಡೆ ಸಿಎನ್‌ಜಿ ಸಣ್ಣ ಗಾಡಿ ಬಹಳ. ಬೆಲೆಗೆ ಮರುಳಾಗುವ ಮುಂಚೆ ನಿಮ್ಮ ಹಳ್ಳಿಯಿಂದ ಸಿಎನ್‌ಜಿ ಪಂಪ್ ಎಷ್ಟು ದೂರ ಎಂದು ಅಳೆಯಿರಿ. ಅದರ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು, ಕೊನೆಯ ತಾರೀಕಿನ ದಾಖಲೆ ಇಲ್ಲದಿದ್ದರೆ ಗ್ಯಾಸ್ ತುಂಬಿಸಲು ಹೋದಾಗ ತೊಂದರೆ.

ಯಾವ ದಾರಿ

ಪುಣೆಯಿಂದ ಬರುವವರಿಗೆ ರಾಷ್ಟ್ರೀಯ ಹೆದ್ದಾರಿ 65, ಇಂದಾಪುರ, ಟೆಂಭುರ್ಣಿ, ಮೊಹೋಳ ದಾಟಿ ಸೊಲ್ಲಾಪುರ. ಅಲ್ಲಿಂದ ಅಕ್ಕಲಕೋಟ. ಆಳಂದದವರು ವಾಗ್ದರಿ, ಹಿರೋಳಿ ಮೇಲೆ, ಅಫಜಲಪುರದವರು ದುಧನಿ ಮೇಲೆ ಗಡಿ ದಾಟಬಹುದು. ಸೊಲ್ಲಾಪುರದವರೆಗೆ ನುಣುಪಾದ ರಸ್ತೆ ಇದ್ದು ಅಕ್ಕಲಕೋಟದ ಆಚೆ ಹಳ್ಳಿ, ಹಂಪು, ತಿರುವು ಶುರುವಾಗುತ್ತವೆ. ನೂರಾರು ಕಿಲೊಮೀಟರ್ ಓಡಿಸಿ ದಣಿದ ಮೇಲೆ ಕತ್ತಲಲ್ಲಿ ಈ ತುಂಡನ್ನು ದಾಟುವಂತೆ ಮಾಡಿಕೊಳ್ಳಬೇಡಿ. ಬೆಳಿಗ್ಗೆ ಆರಕ್ಕೆ ಪುಣೆ ಬಿಟ್ಟರೆ ಏಸ್ ಕೂಡ ಸಂಜೆಯೊಳಗೆ ಆಳಂದ ಮುಟ್ಟುತ್ತದೆ.

ಹೈದರಾಬಾದ್‌ನಿಂದ ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ್‌ವರೆಗೆ ಅದೇ 65, ಹುಮನಾಬಾದ್‌ನಲ್ಲಿ 50ಕ್ಕೆ ತಿರುಗಿ ಕಲಬುರಗಿ. ಜೇವರ್ಗಿಗೆ ಅದೇ 50 ಮುಂದುವರಿದು ಕಟ್ಟಿಸಂಗಾವಿ ಹತ್ತಿರ ಭೀಮೆಯನ್ನು ದಾಟುತ್ತದೆ. ಮಧ್ಯಾಹ್ನದ ಮೇಲೆ ಹೊರಟರೆ ಇಡೀ ದಾರಿ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಹಳೆ ಗಾಜಿನ ಗೀರುಗಳಲ್ಲಿ ಆಗ ಏನೂ ಕಾಣುವುದಿಲ್ಲ.

ಬೆಂಗಳೂರಿನಿಂದ ಜೇವರ್ಗಿಗೆ ನನ್ನ ಓಟು 150ಎಗೆ. ಹಿರಿಯೂರುತನಕ 48ರಲ್ಲಿ ಬಂದು, ಅಲ್ಲಿಂದ ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು, ತಿಂಥಣಿ ಸೇತುವೆ, ಸುರಪುರ, ಶಹಾಪುರ. ಈ ಹೆದ್ದಾರಿಯ ಒಂದು ತುದಿಯೇ ಜೇವರ್ಗಿ, ಇನ್ನೊಂದು ಚಾಮರಾಜನಗರ. ಹೊಸಪೇಟೆ, ವಿಜಯಪುರ, ಸಿಂದಗಿ ಮೇಲಿನ ದಾರಿಯೂ ಚೆನ್ನಾಗಿದೆ, ಆದರೆ ಲಾರಿಗಳ ಸಾಲು ಹೆಚ್ಚು. ಯಾವುದಾದರೂ ಸರಿ, ಹಳೆ ಗಾಡಿಯಲ್ಲಿ ಇದು ಎರಡು ದಿನದ ಪ್ರಯಾಣ. ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ಮಲಗಿ. 2005ರಲ್ಲಿ ಬಂದ ಮೊದಲ ಏಸ್‌ಗಳ 702 ಸಿಸಿ, ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಎಂಜಿನ್ ಹಗಲಿಡೀ ಒದರಿಸಿಕೊಂಡು ಓಡಲು ಹುಟ್ಟಿದ್ದಲ್ಲ.

ಹೊರರಾಜ್ಯದ ನಂಬರಿನ ಗಾಡಿ ತರುವವರು ಗಡಿ ದಾಟುವ ಮುಂಚೆ ಪರಿವಾಹನ್ ತಾಣದ ಚೆಕ್‌ಪೋಸ್ಟ್ ತೆರಿಗೆ ವಿಭಾಗದಲ್ಲಿ ಗಾಡಿ ನಂಬರ್ ಹಾಕಿ, ಕರ್ನಾಟಕಕ್ಕೆ ಏನಾದರೂ ಕಟ್ಟಬೇಕೇ ಎಂದು ನೋಡಿ ರಸೀದಿ ಇಟ್ಟುಕೊಳ್ಳಲಿ.

ಕಾಲವೂ ನೋಡಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಕಬ್ಬಿನ ಹಂಗಾಮು. ಹಾವಳಗಾ, ಭೂಸನೂರ ಕಾರ್ಖಾನೆಗಳ ಕಡೆಗೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸಾಗುತ್ತವೆ, ಎಷ್ಟೋ ಟ್ರೇಲರುಗಳಿಗೆ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಲೈಟು ಮಂಕಾದ ಹಳೆ ಗಾಡಿಗೆ ಇದಕ್ಕಿಂತ ದೊಡ್ಡ ಅಪಾಯ ನಮ್ಮ ಕಡೆ ಇಲ್ಲ. ಮಳೆಗಾಲದ ಕೊನೆಯಲ್ಲಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಭೀಮೆ ಉಕ್ಕುತ್ತದೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಅನುಭವಿಸಿದ್ದನ್ನು ಯಾರೂ ಮರೆತಿಲ್ಲ. ಆ ದಿನಗಳಲ್ಲಿ ಹೊರಡುವ ಮುಂಚೆ ಸೇತುವೆಗಳ ಸುದ್ದಿ ಕೇಳಿ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಮುಂದಿನ ಟ್ರ್ಯಾಕ್ಟರ್ ದಾಟಿತು ಎಂದು ನೀವು ದಾಟಬೇಡಿ, ಅದರ ಗಾಲಿಯ ಎತ್ತರ ಬೇರೆ, ತೂಕ ಬೇರೆ.

ಸ್ಟೇರಿಂಗ್ ಹಿಂದೆ

ಮೊದಲ ಇಪ್ಪತ್ತು ಕಿಲೊಮೀಟರ್ ಓಡಿಸಿ ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ. ಕೆಳಗೆ ಆಯಿಲ್, ನೀರು ತೊಟ್ಟಿಕ್ಕುತ್ತಿದೆಯೇ ನೋಡಿ. ಪ್ರತಿ ಗಾಲಿಯ ನಡುಭಾಗದ ಹತ್ತಿರ ಅಂಗೈ ಒಯ್ದು ಬಿಸಿ ನೋಡಿ. ಎಲ್ಲವೂ ಸಮನಾಗಿ ಬೆಚ್ಚಗಿರಬೇಕು. ಒಂದು ಮಾತ್ರ ಕೈ ಇಡಲಾಗದಷ್ಟು ಕಾದಿದ್ದರೆ ಅಲ್ಲಿ ಬ್ರೇಕು ಅಂಟಿದೆ ಅಥವಾ ಬೇರಿಂಗ್ ಸುಡುತ್ತಿದೆ. ಗಾಲಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ದೊಡ್ಡ ರೋಗಗಳು ಈ ಇಪ್ಪತ್ತು ಕಿಲೊಮೀಟರಿನಲ್ಲೇ ತಲೆ ಎತ್ತುವುದುಂಟು, ಆಗ ಗ್ಯಾರೇಜಿಗೆ ಹಿಂದಿರುಗುವುದು ಸುಲಭ.

ಆಮೇಲೆ ಗಂಟೆಗೆ 50ರಿಂದ 60ರ ವೇಗ ಸಾಕು. ಕಣ್ಣು ಆಗಾಗ ಟೆಂಪರೇಚರ್ ಮುಳ್ಳಿನ ಮೇಲಿರಲಿ. ಮುಳ್ಳು ಏರಿದರೆ ಪಕ್ಕಕ್ಕೆ ನಿಲ್ಲಿಸಿ, ಅರ್ಧ ಗಂಟೆ ಕಾಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಟರ್ಬೊ ಇರುವ ಎಂಜಿನ್ನಾದರೆ ನಿಲ್ಲಿಸಿದ ಕೂಡಲೇ ಬಂದ್ ಮಾಡದೆ ಒಂದು ನಿಮಿಷ ಹಾಗೇ ಓಡಲು ಬಿಡಿ. ಎರಡು ಗಂಟೆಗೊಮ್ಮೆ ಇಳಿಯಿರಿ, ಚಾಲಕರು ಬದಲಾಗಲಿ. ಮಧ್ಯಾಹ್ನ ಹೊಟ್ಟೆ ಬಿರಿಯ ಉಂಡು ಸ್ಟೇರಿಂಗ್ ಹಿಡಿಯುವುದು ಬೇಡ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂಗಾಲಿ ಜಾರುತ್ತದೆ ಎಂಬುದು ನೆನಪಿರಲಿ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033ಕ್ಕೆ ಕರೆ ಮಾಡಿ, ಅಪಘಾತವಾದರೆ 112. ಗಾಡಿಯ ಹಿಂದೆ ದೂರದಲ್ಲಿ ತ್ರಿಕೋನದ ಫಲಕ ಇಡಿ, ರಸ್ತೆ ಕಡೆಯ ಬಾಗಿಲಿನಿಂದ ಇಳಿಯಬೇಡಿ. ಹಗ್ಗ ಕಟ್ಟಿ ಎಳೆಸುವುದು ಹತ್ತಿರದ ಗ್ಯಾರೇಜಿನ ತನಕ ಮಾತ್ರ. ಎಂಜಿನ್ ಬಂದಾಗಿರುವಾಗ ಪವರ್ ಬ್ರೇಕು, ಪವರ್ ಸ್ಟೇರಿಂಗ್ ಎರಡೂ ಕಲ್ಲಿನಂತಾಗುತ್ತವೆ.

ಹಿಂದಿರುಗುವಾಗ ಡೀಸೆಲ್ ಖರ್ಚಾದರೂ ಬರಲಿ ಎಂದು ಸೊಲ್ಲಾಪುರದಲ್ಲೋ ಹೈದರಾಬಾದ್‌ನಲ್ಲೋ ಮಾಲು ಹೇರುವ ಆಸೆ ಎಲ್ಲರಿಗೂ ಆಗುತ್ತದೆ. ನನ್ನ ಮಟ್ಟಿಗೆ ಅದು ಮೂರ್ಖತನ. ಬ್ರೇಕಿನ ಗುಣ ಗೊತ್ತಿಲ್ಲದ ಗಾಡಿ, ಹಳೆ ಮಾಲೀಕರ ಹೆಸರಿನ ವಿಮೆ, ಅದರ ಮೇಲೆ ಒಂದು ಟನ್ ಬೇರೆಯವರ ಸರಕು. ಬಿಲ್ಲು, ಇ-ವೇ ಬಿಲ್ಲುಗಳ ಗೊಡವೆ ಬೇರೆ.

ಇನ್ನೊಂದು ಆಸೆ ಇನ್ನೂ ಕಠಿಣವಾದದ್ದು. ಹೊಸ ಗಾಡಿ ಬಂತೆಂದರೆ ಮೊದಲು ದೇವಲ ಗಾಣಗಾಪುರಕ್ಕೋ, ಘತ್ತರಗಿ ಭಾಗ್ಯವಂತಿಗೋ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೋ ಒಯ್ಯುವುದು ನಮ್ಮ ರೂಢಿ. ಒಯ್ಯಿರಿ, ಕಾಯಿ ಒಡೆಸಿ, ನಿಂಬೆಹಣ್ಣು ತುಳಿಸಿ. ಆದರೆ ಮನೆಮಂದಿಯನ್ನೆಲ್ಲ ಹಿಂದಿನ ಡಾಲಾದಲ್ಲಿ ಕೂರಿಸಿಕೊಂಡು ಹೋಗಬೇಡಿ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ ಎರಡು ದಶಕಗಳ ಹಿಂದೆಯೇ ಹೇಳಿದೆ. ಅವ್ವ, ಅಕ್ಕ, ಮಕ್ಕಳು ಬಸ್ಸಿನಲ್ಲಿ ಬರಲಿ.

ಮನೆ ಮುಟ್ಟಿದ ಮೇಲೆ

ಮರುದಿನವೇ ನಿಮ್ಮ ಮಿಸ್ತ್ರಿಗೆ ತೋರಿಸಿ, ದಾರಿಯಲ್ಲಿ ಕೇಳಿದ ಸದ್ದುಗಳನ್ನೆಲ್ಲ ಹೇಳಿ. ವಿಮೆಯ ಅರ್ಜಿ ಹೋಗಿದೆಯೇ ನೋಡಿಕೊಳ್ಳಿ. ಮಾಲೀಕತ್ವ ವರ್ಗಾವಣೆಯ ಅರ್ಜಿಗೆ ಕೊಂಡವರಿಗೆ 30 ದಿನ ಗಡುವು. ಮಾರಿದವರು ರಾಜ್ಯದೊಳಗಾದರೆ 14 ದಿನ, ಹೊರರಾಜ್ಯಕ್ಕೆ ಮಾರಿದ್ದರೆ 45 ದಿನದಲ್ಲಿ ತಮ್ಮ ಆರ್‌ಟಿಒಗೆ ತಿಳಿಸಬೇಕು. ಮೂರೂ ತಾಲ್ಲೂಕಿನವರಿಗೆ ಕಚೇರಿ ಕಲಬುರಗಿಯದೇ, ಕೆಎ-32. ಬೆಂಗಳೂರಿನ ಗಾಡಿಯಾದರೆ ನಂಬರ್ ಅದೇ ಉಳಿಯುತ್ತದೆ, ಹೆಸರು ಮತ್ತು ವಿಳಾಸ ಬದಲಾದರೆ ಸಾಕು. ಮಹಾರಾಷ್ಟ್ರ, ತೆಲಂಗಾಣದ್ದಾದರೆ ಎನ್‌ಒಸಿ ತಂದು, ಗಾಡಿ ತೋರಿಸಿ, ಇಲ್ಲಿಯ ತೆರಿಗೆ ಕಟ್ಟಿ, ಕೆಎ-32ರ ಹೊಸ ನಂಬರ್ ಪಡೆಯಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಹೊರರಾಜ್ಯದ ನಂಬರಿನಲ್ಲಿ ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ತೆರಿಗೆ ಎಷ್ಟು ಎಂಬುದು ಗಾಡಿಯ ತೂಕ ಮತ್ತು ವಯಸ್ಸಿನ ಮೇಲಿದೆ. ಗಾಡಿ ನೋಡಲು ಹೋಗುವ ಮುಂಚೆಯೇ ಆರ್‌ಟಿಒ ಕೌಂಟರಿನಲ್ಲಿ ಆ ಮೊತ್ತ ಕೇಳಿಕೊಂಡು ಬನ್ನಿ. ಪುಣೆಯ ಅಗ್ಗದ ಗಾಡಿ, ಕಲಬುರಗಿಯ ತೆರಿಗೆ ಸೇರಿದ ಮೇಲೆ, ಬೆಂಗಳೂರಿನ ಗಾಡಿಗಿಂತ ದುಬಾರಿಯಾಗುವುದುಂಟು.

ಆರ್‌ಸಿ ನಿಮ್ಮ ಹೆಸರಿಗೆ ಬರುವ ತನಕ ಗಾಡಿಯನ್ನು ಬಾಡಿಗೆಗೆ ಬಿಡಬೇಡಿ, ಮಾರಿದವರ ಬಾಕಿ ಚುಕ್ತಾ ಮಾಡಬೇಡಿ, ಡೆಲಿವರಿ ನೋಟನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ.